ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ: ಅಮ್ಮನ ಜೊತೆ ಮೂರು ದಾರಿ

ಅಕ್ಕ ಇರುವುದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿ. ಅಮ್ಮನನ್ನು ಅಲ್ಲಿಗೆ ಮೂರು ಸಲ ಕರೆದುಕೊಂಡು ಹೋಗಿದ್ದೇನೆ. 2019ರಲ್ಲಿ ಫ್ರಾಂಕ್‌ಫರ್ಟ್ ಮೇಲೆ, 2022ರಲ್ಲಿ ದುಬೈ ಮೇಲೆ, 2023ರಲ್ಲಿ ನೇರವಾಗಿ. ಅಮ್ಮನಿಗೆ 70 ದಾಟಿದೆ, ಮಂಡಿನೋವು ಬೇರೆ. ಹಾಗಾಗಿ ನಾನು ನೋಡಿದ್ದು ಎರಡೇ. ಒಟ್ಟು ಎಷ್ಟು ಹೊತ್ತು ಹಿಡಿಯುತ್ತೆ? ಅದರಲ್ಲಿ ಒಂದೇ ಸಮನೆ ಕೂತಿರಬೇಕಾದ್ದು ಎಷ್ಟು?

ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ದೂರ ಸುಮಾರು 14,000 ಕಿ.ಮೀ. ದುಬೈ ಮೇಲೆ ಹೋದರೆ ಸುಮಾರು 15,700. ಫ್ರಾಂಕ್‌ಫರ್ಟ್ ಮೇಲೆ 16,500. ಈ ಲೆಕ್ಕ ನೋಡಿದರೆ ದುಬೈ ದಾರಿ ಅಷ್ಟೇನೂ ಸುತ್ತಲ್ಲ, ಅಲ್ವಾ? ನಾನೂ ಹಾಗೇ ಅಂದುಕೊಂಡು ಟಿಕೆಟ್ ತೆಗೆದಿದ್ದೆ. ಮಧ್ಯದಲ್ಲಿ ಇಳಿದರೆ ಅಮ್ಮನಿಗೆ ಆರಾಮ ಆಗುತ್ತೆ ಅನ್ನುವ ಆಸೆಯೂ ಇತ್ತು.

ಆದರೆ ಬೆಂಗಳೂರಿಂದ ದುಬೈ ಬರೀ 2,700 ಕಿ.ಮೀ., 4 ಗಂಟೆ. ಅಲ್ಲಿಂದಾಚೆ 13,000 ಕಿ.ಮೀ. ಇದೆ. ಹತ್ತಿರ ಹತ್ತಿರ 16 ಗಂಟೆ. ನೇರ ವಿಮಾನದಲ್ಲೂ ಕೂರುವುದು ಅಷ್ಟೇ ಹೊತ್ತು! ಇಳಿದು, 4 ಗಂಟೆ ಕಾದು, ಮತ್ತೆ ಹತ್ತಿದ್ದರಿಂದ ಸಿಕ್ಕಿದ್ದೇನು? ನಿದ್ದೆ ಹತ್ತುವ ಹೊತ್ತಿಗೆ ಎಬ್ಬಿಸಿದಂತಾಯಿತು. "ಕೂತು ಕೂತು ಸೊಂಟ ಹಿಡ್ಕೊಂಡ್ಬಿಡ್ತು ಕಣೋ" ಅಂತ ಅಮ್ಮ ಅಂದಿದ್ದು ಈ ಸಲವೇ.

ಫ್ರಾಂಕ್‌ಫರ್ಟ್ ದಾರಿ ಎಲ್ಲಕ್ಕಿಂತ ಉದ್ದ. ಆದರೂ ಅಮ್ಮ ಅಲ್ಲಿ ಹೆಚ್ಚು ಗೆಲುವಾಗಿದ್ದರು. ಮೊದಲು ಸುಮಾರು 10 ಗಂಟೆ, ಆಮೇಲೆ ಹನ್ನೊಂದೂವರೆ. ದಾರಿ ಸರಿಸುಮಾರು ಅರ್ಧಕ್ಕೆ ಮುರಿಯುತ್ತೆ. ನಡುವೆ ಸಿಕ್ಕ 3 ಗಂಟೆಯಲ್ಲಿ ಕಾಲು ಆಡಿಸಿ, ಮುಖ ತೊಳೆದು, ಮನೆಯಿಂದ ತಂದ ಚಪಾತಿ ತಿಂದರು. ಅಲ್ಲಿ ನಡೆಯುವುದು ಮಾತ್ರ ಜಾಸ್ತಿ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಬಿಡಿ. ಇದಕ್ಕೆ ಸಂಕೋಚ ಬೇಡ.

ನೇರ ವಿಮಾನದಲ್ಲಿ ಹೋಗುವಾಗ ಸುಮಾರು 16 ಗಂಟೆ ಹಿಡಿಯಿತು. ಶಾಂತಸಾಗರದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತೆ. ವಾಪಸ್ ಬರುವಾಗ ಒಂದೂವರೆ ಗಂಟೆ ಜಾಸ್ತಿಯೇ ಆಯಿತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಸೇವೆ ಶುರು ಮಾಡಿದಾಗ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಉತ್ತರ ಧ್ರುವದ ಮೇಲಿಂದ ಹಾರಿ ಬೆಂಗಳೂರಿಗೆ ಬಂದಿದ್ದರು. ಇದನ್ನು ಹೇಳಿದಾಗ ಅಮ್ಮನಿಗೆ ಎಷ್ಟು ಹೆಮ್ಮೆ ಅನ್ನಿಸಿತೋ! ಶನಿವಾರ ಮಧ್ಯಾಹ್ನ ಹತ್ತಿದವರು ಅದೇ ಶನಿವಾರ ಸಂಜೆ ಇಳಿದೆವು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ.

ಜಯನಗರದ ಮನೆಯಿಂದ ಅಕ್ಕನ ಮನೆಯವರೆಗೆ ಲೆಕ್ಕ ಹಾಕಿದರೆ ನೇರ ದಾರಿ ಸುಮಾರು 23 ಗಂಟೆ, ಉಳಿದೆರಡೂ 31ರ ಆಸುಪಾಸು. ವಯಸ್ಸಾದವರು ಒಬ್ಬರೇ ಹೋಗುವುದಾದರೆ ನಾನು ನೇರ ವಿಮಾನವನ್ನೇ ಹೇಳುತ್ತೇನೆ. ಗೇಟ್ ಹುಡುಕುವ ಭಯ ಇರಲ್ಲ. ಜೊತೆಗೆ ಯಾರಾದರೂ ಇದ್ದು, ಸೊಂಟನೋವಿನವರಾದರೆ ಫ್ರಾಂಕ್‌ಫರ್ಟ್. ದುಬೈ ದಾರಿ, ಟಿಕೆಟ್ ತುಂಬಾ ಅಗ್ಗವಾಗಿ ಸಿಕ್ಕರೆ ಮಾತ್ರ. ನೇರ ಸೇವೆ ನಡುವೆ ನಿಂತು ಮತ್ತೆ ಶುರುವಾದದ್ದೂ ಇದೆ. ನೀವು ಹೊರಡುವ ತಿಂಗಳಲ್ಲಿ ಹಾರುತ್ತಾ ಅಂತ ಮೊದಲು ನೋಡಿಕೊಳ್ಳಿ.