‘ಹಿಮದಡಿ ಸರೋವರ’ ಕಿಟ್: ತೊಟ್ಟಿ ಚೆನ್ನಾಗಿದೆ, ಕೈಪಿಡಿ ನಂಬಬೇಡಿ

ದಪ್ಪ ಹಿಮದ ಹಾಸಿನಡಿ ಇರುವ ಸರೋವರಗಳನ್ನು ಮಾದರಿಯಲ್ಲಿ ತೋರಿಸಲು, ರಾಯಚೂರಿನಲ್ಲಿ ಶಾಲಾ ಸಾಮಗ್ರಿ ಅಂಗಡಿಯೊಂದು ವಿಜ್ಞಾನ ಪ್ರದರ್ಶನಕ್ಕೆಂದು ಮಾರುತ್ತಿರುವ ಕಿಟ್ ಇದು. ಎರಡಡಿ ಉದ್ದದ ಅಕ್ರಿಲಿಕ್ ತೊಟ್ಟಿ, ಒಂದು ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿರುವ ಎರಡು ಗುಂಡಿಗಳನ್ನು ಕಾಲುವೆಯಿಂದ ಜೋಡಿಸಿದ ತಳ, ತೆಳು ರಬ್ಬರ್ ಹಾಳೆ, ಐಸ್ ಅಚ್ಚು, 50 ಮಿ.ಲೀ. ಸಿರಿಂಜ್ ಇವೆ. ಮೂಲೆಗಳು ಸೋರುವುದಿಲ್ಲ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೈಪಿಡಿ ಮಾತ್ರ ಮಕ್ಕಳ ದಾರಿ ತಪ್ಪಿಸುತ್ತದೆ. ಮೇಲಿನ ಹಿಮ ಬಿಸಿಲಿಗೆ ಕರಗಿ, ಕೆಳಗಿಳಿದು ಸರೋವರವಾಗುತ್ತದೆ ಎಂದು ಬರೆದಿದ್ದಾರೆ. ಗ್ರೀನ್‌ಲ್ಯಾಂಡಿನ ಕೆಲವೆಡೆ ಅದು ಸರಿ. ಆದರೆ ಡಬ್ಬಿಯ ಮೇಲಿನ ಚಿತ್ರ ಅಂಟಾರ್ಕ್ಟಿಕಾದ ವೊಸ್ತೋಕ್ ಸರೋವರದ್ದು. 1983ರಲ್ಲಿ ಮೈನಸ್ 89.2 ಡಿಗ್ರಿ ದಾಖಲಾದ ಜಾಗವದು, ಅಲ್ಲಿ ಮೇಲ್ಮೈ ಕರಗುವ ಮಾತೇ ಇಲ್ಲ. ನೆಲದೊಳಗಿನ ಶಾಖ ಕೆಳಗಿನಿಂದ ಬರುತ್ತದೆ. ಸುಮಾರು 4 ಕಿ.ಮೀ. ದಪ್ಪದ ಹಿಮ ಅದನ್ನು ಸುಲಭಕ್ಕೆ ಹೊರಗೆ ಬಿಡದು; ಅದೇ ಹಿಮದ ಭಾರಕ್ಕೆ ಕರಗುವ ಬಿಂದು ಸುಮಾರು ಮೈನಸ್ 3 ಡಿಗ್ರಿಗೆ ಇಳಿಯುತ್ತದೆ. ಹೀಗೆ ತಳದ ಹಿಮ ನೀರಾಗುತ್ತದೆ.

ನೀರು ಹರಿಸಲು ತೊಟ್ಟಿ ಓರೆ ಮಾಡಿ ಎಂಬ ಸೂಚನೆಯನ್ನೂ ಬಿಡಿ. ಹಿಮದಡಿ ನೀರಿನ ದಾರಿ ನಿರ್ಧರಿಸುವಲ್ಲಿ ಹಿಮದ ಮೇಲ್ಮೈ ಇಳಿಜಾರಿಗೆ ತಳದ ಇಳಿಜಾರಿಗಿಂತ ಸುಮಾರು 10 ಪಟ್ಟು ಹೆಚ್ಚು ಪ್ರಭಾವ. ಗುಂಡಿಗಳಿಗೆ ನೀರು ತುಂಬಿ, ಗುಳ್ಳೆ ತೆಗೆದು, ರಬ್ಬರ್ ಹಾಳೆಯನ್ನು ಸಡಿಲವಾಗಿ ಹಾಸಿ, ಅಂಚು ಮಾತ್ರ ಬಿಗಿಯಾಗಿ ಕ್ಲಿಪ್ ಮಾಡಿ. ಮೇಲೆ ಹಿಮದ ಬದಲಿಗೆ ಒದ್ದೆ ಮರಳು ಹರಡಿ: ತಗ್ಗಿನ ಗುಂಡಿಯ ಕಡೆ 6 ಸೆಂ.ಮೀ., ಎತ್ತರದ ಕಡೆ 2. ನೀರು ತಗ್ಗಿನಿಂದ ಏರಿಗೆ ಹತ್ತುತ್ತದೆ! ಹಾಳೆ ಎಳೆದು ಬಿಗಿದಿದ್ದರೆ ಹತ್ತದು. ಮರಳು ಹಿಮಕ್ಕಿಂತ ಭಾರ, ಹಾಗಾಗಿ 10 ಪಟ್ಟಿನ ಲೆಕ್ಕ ಇಲ್ಲಿ ಸಿಗುವುದಿಲ್ಲ ಎಂದು ಫಲಕದಲ್ಲಿ ಬರೆಯಲೇಬೇಕು.

ಸರೋವರ ಬರಿದಾಗುವುದನ್ನು ತೋರಿಸಲು 4 ಸೆಂ.ಮೀ. ದಪ್ಪದ ಐಸ್ ಹಲಗೆಗೆ ಕಾಯಿಸಿದ ಸೈಕಲ್ ಕಡ್ಡಿಯಿಂದ ತೂತು ಹಾಕಿ ನೀರು ಹರಿಸಿ. ತೂತು ಅಗಲವಾದಷ್ಟೂ ಹರಿವು ಹೆಚ್ಚುತ್ತದೆ, ಹರಿವು ಹೆಚ್ಚಿದಷ್ಟೂ ತೂತು ಅಗಲ. 1996ರಲ್ಲಿ ಐಸ್‌ಲ್ಯಾಂಡಿನ ಗ್ರಿಮ್ಸ್‌ವೊಟ್ನ್ ಎಂಬ ಹಿಮದಡಿ ಸರೋವರ ಒಡೆದು ಸೇತುವೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ನಿಜವಾದ ಹಿಮದಡಿ ಹರಿವಿನ ಘರ್ಷಣೆಯ ಶಾಖವೂ ಸುರಂಗ ಕರಗಿಸುತ್ತದೆ. ನೀರಿನ ಒತ್ತಡ ಇಳಿದ ಮೇಲೆ ಹಿಮವೇ ಒಳಸರಿದು ಅದನ್ನು ಮುಚ್ಚುತ್ತದೆ. ಆ ಮುಚ್ಚುವಿಕೆ ಈ ತೆಳು ಹಲಗೆಯಲ್ಲಿ ಕಾಣದು. ನಮ್ಮ ಬಿಸಿಲಿಗೆ ಹಲಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಭತ್ತದ ಹೊಟ್ಟಿನಲ್ಲಿ ಇಡಿ, ನೀರನ್ನೂ ತಣಿಸಿ ಬಳಸಿ. ಇಲ್ಲದಿದ್ದರೆ ಹಲಗೆ ಸೀಳುತ್ತದೆ.

ಸಿರಿಂಜ್ ಬಳಕೆ ಕೈಪಿಡಿಯಲ್ಲಿ ಇಲ್ಲವೇ ಇಲ್ಲ. ಹಾಳೆಯಡಿಯಿಂದ ನೀರು ಎಳೆದರೆ ಮರಳಿನ ಮೇಲ್ಮೈ ಕುಸಿಯುತ್ತದೆ, ತಿರುಗಿ ತುಂಬಿದರೆ ಏಳುತ್ತದೆ. ಐಸ್‌ಸ್ಯಾಟ್ ಉಪಗ್ರಹ 2003ರಿಂದ 2009ರವರೆಗೆ ಇಂಥ ಏರಿಳಿತಗಳನ್ನೇ ಲೇಸರಿನಿಂದ ಅಳೆದು, ತುಂಬಿ ಬರಿದಾಗುವ ಸರೋವರಗಳನ್ನು ತೋರಿಸಿಕೊಟ್ಟಿತು. ಅಳತೆಪಟ್ಟಿ ಕಿಟ್‌ನಲ್ಲಿಲ್ಲ, ತೊಟ್ಟಿಯ ಹೊರಗೆ ಗ್ರಾಫ್ ಹಾಳೆಯ ಪಟ್ಟಿ ಅಂಟಿಸಿದರೆ ಸಾಕು.