ಲಾಜಿಟೆಕ್ ಕೆ380 ವಿಮರ್ಶೆ: ಅಪ್‌ಡೇಟ್ ಆದ ಮರುದಿನ ಕೀಬೋರ್ಡ್ ಮಾತು ಕೇಳದಿದ್ದರೆ

ಲಾಜಿಟೆಕ್ ಕೆ380 ಒಳ್ಳೆಯ ಕೀಬೋರ್ಡ್. ತೂಕ 423 ಗ್ರಾಂ. ಎರಡು ಎಎಎ ಸೆಲ್ ಹಾಕಿದರೆ ಕಂಪನಿಯ ಲೆಕ್ಕದಲ್ಲಿ ಎರಡು ವರ್ಷ ಬರುತ್ತದೆ. ಎಫ್1, ಎಫ್2, ಎಫ್3 ಕೀಗಳಲ್ಲಿ ಲ್ಯಾಪ್‌ಟಾಪ್, ಫೋನ್, ಟ್ಯಾಬ್ ಮೂರನ್ನೂ ಸೇರಿಸಿಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ದುಂಡು ಕೀಗಳಿಗೆ ಬೆರಳು ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು, ಅದು ದೊಡ್ಡ ವಿಷಯವಲ್ಲ. ಇಷ್ಟೆಲ್ಲ ಇದ್ದೂ ಇದರ ಬಗ್ಗೆ, ಇಂಥ ಎಲ್ಲ ಬ್ಲೂಟೂತ್ ಕೀಬೋರ್ಡ್‌ಗಳ ಬಗ್ಗೆಯೂ, ಪದೇ ಪದೇ ಕೇಳಿಬರುವ ದೂರೊಂದಿದೆ: ರಾತ್ರಿ ಸಿಸ್ಟಂ ಅಪ್‌ಡೇಟ್ ಆಯಿತು, ಬೆಳಿಗ್ಗೆ ಒಂದಕ್ಷರವೂ ಮೂಡುತ್ತಿಲ್ಲ. ಹಾಗಾದಾಗ ಕೀಬೋರ್ಡ್ ಕೆಟ್ಟಿತೆಂದು ಹೊಸದು ಕೊಳ್ಳುವುದು ದುಡ್ಡು ದಂಡ ಮಾಡಿದಂತೆ.

ಮೊದಲು ಕೀಬೋರ್ಡನ್ನೇ ಗಮನಿಸಿ. ಎಡ ಅಂಚಿನ ಸ್ವಿಚ್ಚನ್ನು ಆಫ್ ಮಾಡಿ ಮತ್ತೆ ಆನ್ ಮಾಡಿ. ಆ ಕಂಪ್ಯೂಟರಿಗೆ ಬಳಸುವ ಎಫ್ ಕೀಯನ್ನು ಒಮ್ಮೆ ಒತ್ತಿ ಬಿಟ್ಟು, ಪುಟ್ಟ ದೀಪ ಏನು ಹೇಳುತ್ತದೆ ನೋಡಿ. ಬೆಳಗಲೇ ಇಲ್ಲವೆಂದರೆ ಸೆಲ್ ಮುಗಿದಿರಬೇಕು, ಇಲ್ಲವೇ ಸೆಲ್ ಕೂರುವ ಜಾಗದ ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಿರಬೇಕು. ಅಪ್‌ಡೇಟಿಗೂ ಅದಕ್ಕೂ ಸಂಬಂಧವಿಲ್ಲ. ನಿಧಾನವಾಗಿ ಮಿಟುಕುತ್ತಿದ್ದರೆ ಕೀಬೋರ್ಡ್ ತನಗೆ ಗೊತ್ತಿರುವ ಕಂಪ್ಯೂಟರನ್ನು ಹುಡುಕುತ್ತಿದೆ, ಅದು ಓಗೊಡುತ್ತಿಲ್ಲ. ಬೇಗ ಬೇಗ ಮಿಟುಕಿದರೆ ಹೊಸದಾಗಿ ಪೇರ್ ಆಗಲು, ಅಂದರೆ ಕಂಪ್ಯೂಟರಿನ ಜೊತೆ ಜೋಡಿಯಾಗಲು, ಕಾಯುತ್ತಿದೆ. ಕೆಲವು ಸೆಕೆಂಡ್ ಸ್ಥಿರವಾಗಿ ಬೆಳಗಿ ಆರಿದರೆ ಸಂಪರ್ಕ ಸರಿಯಿದೆ ಎಂದರ್ಥ. ಆಗ ಬ್ಲೂಟೂತ್ ಸೆಟ್ಟಿಂಗ್ಸ್ ಕೆದಕಬೇಡಿ.

ಸಂಪರ್ಕ ಇದ್ದೂ ಅಕ್ಷರ ಬಾರದಿದ್ದರೆ ವಿಂಡೋಸ್‌ನಲ್ಲಿ ಮೊದಲು ಫಿಲ್ಟರ್ ಕೀಸ್ ನೋಡಿ. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿಹಿಡಿದರೆ ಅದು ಆನ್ ಆಗುತ್ತದೆ, ಆಮೇಲೆ ಚುರುಕಾಗಿ ಒತ್ತಿದ ಕೀಗಳನ್ನೆಲ್ಲ ವಿಂಡೋಸ್ ಕಡೆಗಣಿಸುತ್ತದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್, ಅಲ್ಲಿ ಆಫ್ ಮಾಡಿ. ಒಂದು ಒತ್ತಿದರೆ ಇನ್ನೊಂದು ಬರುತ್ತಿದ್ದರೆ ಅದು ಲೇಔಟ್ ತಕರಾರು, ಅಂದರೆ ಯಾವ ಕೀಗೆ ಯಾವ ಅಕ್ಷರ ಎಂಬ ಜೋಡಣೆಯದ್ದು. ಕನ್ನಡದಲ್ಲಿ ಬರೆಯುವವರನ್ನು ಇದು ಹೆಚ್ಚು ಕಾಡುತ್ತದೆ. ವಿಂಡೋಸ್ 10ರ 2019ರ ಮೇ ಅಪ್‌ಡೇಟಿನಿಂದೀಚೆಗೆ ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಜೊತೆಗೆ ಫೊನೆಟಿಕ್ ಲೇಔಟೂ ಇದೆ. ಎರಡೂ ಪಟ್ಟಿಯಲ್ಲಿ ಕೂತಿದ್ದರೆ ಯಾವುದು ಚಾಲ್ತಿಯಲ್ಲಿದೆ ಎನ್ನುವುದೇ ಗೊಂದಲ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಸರಿಯಾದದ್ದನ್ನು ಆರಿಸಿ, ಬೇಡದ್ದನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಆಲ್ಟ್ ಮತ್ತು ವಿಂಡೋಸ್ ಕೀ ಅದಲುಬದಲಾಗಿದ್ದರೆ ಕೀಬೋರ್ಡ್ ಮ್ಯಾಕ್ ಲೇಔಟಿಗೆ ತಿರುಗಿದೆ. ಎಫ್‌ಎನ್ ಜೊತೆ ಪಿ ಕೀಯನ್ನು 3 ಸೆಕೆಂಡ್ ಒತ್ತಿಹಿಡಿದರೆ ವಿಂಡೋಸ್‌ಗೆ ಮರಳುತ್ತದೆ.

ದೀಪ ನಿಧಾನವಾಗಿ ಮಿಟುಕುವ ಪ್ರಸಂಗವೇ ನಿಜವಾದ ಅಪ್‌ಡೇಟ್ ಸಮಸ್ಯೆ. ಪೇರ್ ಮಾಡುವಾಗ ಕೀಬೋರ್ಡ್ ಮತ್ತು ಕಂಪ್ಯೂಟರ್ ಸೇರಿ ಒಂದು ಗುಟ್ಟಿನ ಸಂಖ್ಯೆ ಮಾಡಿಕೊಂಡು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳುತ್ತವೆ. ವಿಂಡೋಸ್ ತನ್ನ ಪ್ರತಿಯನ್ನು ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಸೆಟ್ಟಿಂಗ್ಸ್ ಬರೆದಿಡುವ ದಾಖಲೆಯಲ್ಲಿ, ಇಡುತ್ತದೆ. ಅಪ್‌ಡೇಟ್ ಬ್ಲೂಟೂತ್ ಡ್ರೈವರನ್ನು (ಬ್ಲೂಟೂತ್ ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಬದಲಿಸಿದಾಗ ಆ ನಮೂದು ಹಾಳಾದರೆ, ಕೀಬೋರ್ಡ್ ಹಳೆಯ ಸಂಖ್ಯೆ ಹಿಡಿದು ಬಾಗಿಲು ತಟ್ಟುತ್ತಲೇ ಇರುತ್ತದೆ, ಒಳಗಿನವರು ಗುರುತು ಹಿಡಿಯುವುದಿಲ್ಲ. ಕನೆಕ್ಟ್ ಬಟನ್ನನ್ನು ಎಷ್ಟು ಸಲ ಒತ್ತಿದರೂ ಪ್ರಯೋಜನವಿಲ್ಲದಿರುವುದು ಇದಕ್ಕೇ. ಹಳೆಯ ಪೇರಿಂಗ್ ಅಳಿಸಿ ಹೊಸದು ಮಾಡಲೇಬೇಕು.

ಅದಕ್ಕೂ ಮೊದಲು ಒಮ್ಮೆ ರಿಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಆನ್ ಮಾಡಿದರೆ ಸಾಲದು. ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಆಯ್ಕೆ ಆನ್ ಇದ್ದರೆ ಶಟ್ ಡೌನ್ ಮಾಡುವಾಗ ಡ್ರೈವರ್‌ಗಳ ಸ್ಥಿತಿ ಡಿಸ್ಕಿಗೆ ಹೋಗಿ, ಆನ್ ಮಾಡಿದಾಗ ಹಾಗೇ ವಾಪಸ್ ಬರುತ್ತದೆ. ರಿಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಲಾಗಿನ್ ಪರದೆಯಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಬಲಗಡೆ ಕೆಳಗಿರುವ ಆಕ್ಸೆಸಿಬಿಲಿಟಿ ಗುರುತಿನ ಮೇಲೆ ಕ್ಲಿಕ್ ಮಾಡಿ, ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು ಮೌಸಿನಿಂದಲೇ ಪಾಸ್‌ವರ್ಡ್ ಒತ್ತಿ.

ಆಮೇಲೆ ಸೆಟ್ಟಿಂಗ್ಸ್‌ನ ಬ್ಲೂಟೂತ್ ಆಂಡ್ ಡಿವೈಸಸ್‌ಗೆ ಹೋಗಿ ಕೆ380 ಪಕ್ಕದ ಮೂರು ಚುಕ್ಕಿ ಒತ್ತಿ ರಿಮೂವ್ ಡಿವೈಸ್ ಕೊಡಿ. ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ. ಕೀಬೋರ್ಡಿನಲ್ಲಿ ಅದೇ ಎಫ್ ಕೀಯನ್ನು ದೀಪ ಬೇಗ ಬೇಗ ಮಿಟುಕುವ ತನಕ, ಅಂದರೆ ಸುಮಾರು 3 ಸೆಕೆಂಡ್, ಒತ್ತಿಹಿಡಿಯಿರಿ. ಆಡ್ ಡಿವೈಸ್‌ನಲ್ಲಿ ಹೆಸರು ಕಂಡಾಗ ಆರಿಸಿ. ಪರದೆ ಮೇಲೆ ಬರುವ ಸಂಖ್ಯೆಯನ್ನು ಕೆ380 ಮೇಲೆಯೇ ಟೈಪ್ ಮಾಡಿ ಎಂಟರ್ ಒತ್ತಬೇಕು. ಎಡವುವುದು ಇಲ್ಲೇ: ಸಂಖ್ಯೆಯನ್ನು ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲಿ ಒತ್ತುತ್ತಾರೆ, ಅಥವಾ ಒತ್ತಿದ ಮೇಲೆ ಎಂಟರ್ ಮರೆಯುತ್ತಾರೆ. ಮರೆತರೆ ಸ್ವಲ್ಪ ಹೊತ್ತು ಕಾದು ಪೇರಿಂಗ್ ರದ್ದಾಗುತ್ತದೆ, ಮತ್ತೆ ಮೊದಲಿನಿಂದ ಶುರು.

ಹೊಸ ಪೇರಿಂಗ್ ಕೂಡ ನಿಲ್ಲದಿದ್ದರೆ ಡ್ರೈವರ್ ಕಡೆ ತಿರುಗಿ. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅಡಿ ಇಂಟೆಲ್, ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್ ಹೆಸರಿನ ಅಡಾಪ್ಟರ್ ಇರುತ್ತದೆ. ಪ್ರಾಪರ್ಟೀಸ್‌ನ ಡ್ರೈವರ್ ಟ್ಯಾಬಿನಲ್ಲಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲವೆಂದರ್ಥ, ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಆ ಮಾಡೆಲ್ಲಿನದ್ದನ್ನೇ ಇಳಿಸಿ ಹಾಕಿ. ಬರೆಯುತ್ತ ಬರೆಯುತ್ತ ನಡುವೆ ಸಂಪರ್ಕ ಕಡಿದರೆ ಅದೇ ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿನಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆಯಿರಿ. ಆದರೆ ಬಹಳ ಹೊತ್ತು ಮುಟ್ಟದೆ ಬಿಟ್ಟು ಮತ್ತೆ ಒತ್ತಿದಾಗ ಮೊದಲಕ್ಷರ ತಪ್ಪುವುದು ದೋಷವಲ್ಲ. ನಿದ್ದೆ ಹೋಗಿದ್ದ ಕೀಬೋರ್ಡ್ ಎಚ್ಚರಾಗುತ್ತಿದೆ.

ಲಿನಕ್ಸ್ ಬಳಸುವವರ ಕಥೆ ಬೇರೆ, ಅದರ ಕಾರಣವೂ ಸ್ಪಷ್ಟ. 2023ರ ಡಿಸೆಂಬರಿನಲ್ಲಿ ಸಿವಿಇ-2023-45866 ಎಂಬ ಕ್ರಮಸಂಖ್ಯೆಯ ಭದ್ರತಾ ಲೋಪ ಹೊರಬಿತ್ತು. ಹತ್ತಿರದಲ್ಲಿರುವ ಯಾರಾದರೂ ಬಳಕೆದಾರರ ಒಪ್ಪಿಗೆಯಿಲ್ಲದೆ ಬ್ಲೂಟೂತ್ ಕೀಬೋರ್ಡಿನಂತೆ ನಟಿಸಿ ಕಂಪ್ಯೂಟರಿಗೆ ಕೀ ಒತ್ತುಗಳನ್ನು ಕಳಿಸಬಹುದಿತ್ತು. ಅದನ್ನು ಮುಚ್ಚಲು ಲಿನಕ್ಸ್‌ನ ಬ್ಲೂಟೂತ್ ತಂತ್ರಾಂಶವಾದ ಬ್ಲೂಝಡ್‌ನವರು ಕ್ಲಾಸಿಕ್‌ಬಾಂಡೆಡ್‌ಓನ್ಲಿ ಎಂಬ ಆಯ್ಕೆಯನ್ನು ಮೊದಲೇ ಆನ್ ಇರುವಂತೆ ಬದಲಿಸಿದರು. ಅಂದಿನಿಂದ ಪೂರ್ಣವಾಗಿ ಪೇರ್ ಆಗದ ಹಳೆಯ ಸಾಧನಗಳಿಗೆ ಪ್ರವೇಶವಿಲ್ಲ. ಆ ಆಯ್ಕೆಯನ್ನು ಆಫ್ ಮಾಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ, ದಯವಿಟ್ಟು ಪಾಲಿಸಬೇಡಿ. ಮುಚ್ಚಿದ ತೂತನ್ನು ನೀವೇ ತೆರೆದಂತಾಗುತ್ತದೆ. ಟರ್ಮಿನಲ್‌ನಲ್ಲಿ ಬ್ಲೂಟೂತ್‌ಸಿಟಿಎಲ್ ತೆರೆದು ಹಳೆಯ ನಮೂದನ್ನು ರಿಮೂವ್ ಮಾಡಿ, ಏಜೆಂಟ್ ಆನ್ ಮಾಡಿ, ಸ್ಕ್ಯಾನ್ ಮಾಡಿ, ಆಮೇಲೆ ಪೇರ್, ಟ್ರಸ್ಟ್, ಕನೆಕ್ಟ್ ಇದೇ ಕ್ರಮದಲ್ಲಿ ಕೊಡಿ. ಟ್ರಸ್ಟ್ ಬಿಟ್ಟರೆ ಈಗ ಕೆಲಸ ಮಾಡಿದರೂ ಮುಂದಿನ ಬೂಟ್‌ನಲ್ಲಿ ತಾನಾಗಿ ಸೇರಿಕೊಳ್ಳುವುದಿಲ್ಲ. ಅಡಾಪ್ಟರೇ ಕಾಣದಿದ್ದರೆ ಆರ್‌ಎಫ್‌ಕಿಲ್ ಲಿಸ್ಟ್ ಕೊಟ್ಟು ಬ್ಲೂಟೂತ್ ಬ್ಲಾಕ್ ಆಗಿದೆಯೇ ನೋಡಿ.

ಹಾಗಾದರೆ ಕೊಳ್ಳಬೇಕೇ? ಎರಡನೆಯ ಕೀಬೋರ್ಡಾಗಿ, ಲ್ಯಾಪ್‌ಟಾಪ್ ಜೊತೆಗೆ, ಖಂಡಿತ. ಡೆಸ್ಕ್‌ಟಾಪಿಗೆ ಇದೊಂದೇ ಕೀಬೋರ್ಡ್ ಎನ್ನುವವರು ಲಾಜಿಟೆಕ್‌ನದ್ದೇ ಕೆ270 ಕಡೆ ನೋಡಿ. ಅದರ ಪೇರಿಂಗ್ ಇರುವುದು ಕಿತ್ತಳೆ ನಕ್ಷತ್ರದ ಯೂನಿಫೈಯಿಂಗ್ ಡಾಂಗಲ್‌ನಲ್ಲಿ, ಅಂದರೆ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಪುಟ್ಟ ರಿಸೀವರ್‌ನಲ್ಲಿ. ಕಂಪ್ಯೂಟರಿನ ಕಣ್ಣಿಗೆ ಆ ಡಾಂಗಲ್ ಮಾಮೂಲಿ ಯುಎಸ್‌ಬಿ ಕೀಬೋರ್ಡ್. ಹಾಗಾಗಿ ಬ್ಲೂಟೂತ್ ಡ್ರೈವರ್ ಬದಲಾದರೂ ಅದಕ್ಕೆ ಏನೂ ಆಗುವುದಿಲ್ಲ, ವಿಂಡೋಸ್ ಶುರುವಾಗುವ ಮುನ್ನಿನ ಬಯೋಸ್ ಪರದೆಯಲ್ಲೂ ಲಿನಕ್ಸ್‌ನ ಡಿಸ್ಕ್ ಪಾಸ್‌ವರ್ಡ್ ಪರದೆಯಲ್ಲೂ ಅಕ್ಷರ ಮೂಡುತ್ತದೆ. ಕೆ380ಗೆ ಅಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ, ಏಕೆಂದರೆ ಆ ಹೊತ್ತಿಗೆ ಬ್ಲೂಟೂತ್ ಇನ್ನೂ ಶುರುವಾಗಿರುವುದಿಲ್ಲ. ಡಾಂಗಲ್ ತಡವರಿಸಿದರೆ ಕಿತ್ತು ಬೇರೆ ಪೋರ್ಟಿಗೆ ಹಾಕಿ, ಆದಷ್ಟು ಯುಎಸ್‌ಬಿ 2 ಪೋರ್ಟಿಗೆ. ಯುಎಸ್‌ಬಿ 3 ಪೋರ್ಟ್ ಮತ್ತು ಅದಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕ್ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಗದ್ದಲ ಎಬ್ಬಿಸುತ್ತವೆ. ಡಾಂಗಲ್ ಜೋಪಾನ, ಲಾಜಿಟೆಕ್‌ನ ಹೊಸ ಬೋಲ್ಟ್ ಡಾಂಗಲ್ ಇದಕ್ಕೆ ಹೊಂದುವುದಿಲ್ಲ.

ಡಾಂಗಲ್‌ಗೂ ಒಮ್ಮೆ ಪೆಟ್ಟು ಬಿದ್ದಿದೆ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಕೆಬಿ5066835 ಬಂದ ಮೇಲೆ, ವಿಂಡೋಸ್ ಕೆಟ್ಟಾಗ ದುರಸ್ತಿಗೆ ಬಳಸುವ ರಿಕವರಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡ್, ಮೌಸ್ ಎರಡೂ ಸ್ತಬ್ಧವಾದವು, ತಂತಿಯದ್ದೂ ಸೇರಿ. ವಿಂಡೋಸ್ ಒಳಗೆ ಮಾತ್ರ ಎಲ್ಲ ಸರಿಯಿತ್ತು. ಮೈಕ್ರೋಸಾಫ್ಟ್ ಅಕ್ಟೋಬರ್ 20ರಂದು ಕೆಬಿ5070773 ಬಿಟ್ಟು ಸರಿಪಡಿಸಿತು. ಆ ತಿಂಗಳಲ್ಲಿ ಅಪ್‌ಡೇಟ್ ನಿಲ್ಲಿಸಿ ಹಾಗೇ ಬಿಟ್ಟವರಿದ್ದರೆ ಈಗಲೇ ಚಾಲೂ ಮಾಡಿ, ಬಾಕಿ ಇರುವುದನ್ನೆಲ್ಲ ಹಾಕಿಸಿಕೊಳ್ಳಿ.

ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲೆ ಕೆ380 ಎಂದಿದೆಯೋ ಕೆ380ಎಸ್ ಎಂದಿದೆಯೋ ನೋಡಿ. ಎರಡೂ ಒಂದೇ ತರಹ ಕಾಣುತ್ತವೆ. ಎಸ್ ಇರುವುದು ಬ್ಲೂಟೂತ್ ಜೊತೆಗೆ ಬೋಲ್ಟ್ ಡಾಂಗಲ್‌ಗೂ ಹೊಂದುತ್ತದೆ. ಡಬ್ಬಿಯಲ್ಲಿ ಡಾಂಗಲ್ ಇಲ್ಲದಿದ್ದರೆ ಬೇರೆ ಕೊಳ್ಳಬೇಕು. ಈ ಎರಡರಲ್ಲಿ ಆಯ್ಕೆಯೆಂದರೆ ಎಸ್ ಇರುವುದನ್ನೇ ತೆಗೆದುಕೊಳ್ಳಿ, ಬೋಲ್ಟ್ ಡಾಂಗಲನ್ನೂ ಜೊತೆಗೇ ತನ್ನಿ.