ತೂಗಿದ್ದು, ಹಿಂಡಿದ್ದು, ಕೊಂಡಿದ್ದು: ಏರ್ ರೈಫಲ್‌ಗೆ ಯಾವ ಪೆಲೆಟ್?

ಒಂದೇ ಡಬ್ಬಿಯ ಸೀಸದ ಪುಟ್ಟ ಗುಂಡುಗಳು, ಅಂದರೆ ಪೆಲೆಟ್‌ಗಳೆಲ್ಲ ಒಂದೇ ಥರ ಇರುತ್ತವೆ ಅಂತ ನಾನು ನಂಬಿದ್ದೆ. ಹುಬ್ಬಳ್ಳಿಯ ನಮ್ಮ ಓಣಿಯ ಪತ್ತಾರರ ಅಂಗಡಿಯಲ್ಲಿ ಕೂತಾಗ, ಬಂಗಾರದ ತಕ್ಕಡಿ ಮೇಲೆ ಸುಮ್ನೆ ಹತ್ತು ಪೆಲೆಟ್ ಒಂದೊಂದಾಗಿ ಇಟ್ಟು ನೋಡಿದೆ. ಒಂದು 0.50 ಗ್ರಾಂ, ಇನ್ನೊಂದು 0.55. ಪತ್ತಾರರು ನಕ್ಕರು. "ಬಂಗಾರದಾಗ ಇಷ್ಟ ಫರಕ್ ಬಂದ್ರ ಗಿರಾಕಿ ಜಗಳಕ್ಕ ನಿಂದರ್ತಾನ್ರಿ!"

ಅಲ್ಲಿಂದ ಶುರುವಾಯಿತು ಈ ಹುಚ್ಚು. ಹತ್ತು ಮೀಟರ್ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರ್ ಮಾತ್ರ. ಪೆಲೆಟ್ಟೇ ಹೆಚ್ಚುಕಡಿಮೆ ಆದರೆ ನನ್ನ ಕೈಯನ್ನು ಬೈದು ಏನು ಪ್ರಯೋಜನ, ಅಲ್ವಾ?

ಮಾವನ ಹಳೇ ಹತ್ತಿ ಗೋದಾಮು ಖಾಲಿ ಬಿದ್ದಿತ್ತು. ಒಳಗೆ ಗಾಳಿ ಆಡುವುದಿಲ್ಲ. ನನ್ನ ಪಿಸಿಪಿ (ಮೊದಲೇ ಒತ್ತಡದ ಗಾಳಿ ತುಂಬಿಡುವ) ರೈಫಲ್ಲನ್ನು ಜೋಳದ ಚೀಲದ ಮೇಲೆ ಒರಗಿಸಿ, ಪ್ರತಿ ಥರದ ಪೆಲೆಟ್‌ನಲ್ಲಿ ಐದೈದು ಗುಂಡಿನ ಐದು ಗುಂಪು ಹೊಡೆದೆ. ತೂತುಗಳ ಗುಂಪು ಚಿಕ್ಕದಾದಷ್ಟೂ ಒಳ್ಳೆಯದು. ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಅಂಚಿಗೆ ಕ್ಯಾಲಿಪರ್ ಹಿಡಿದು, ಅದರಲ್ಲಿ ಪೆಲೆಟ್‌ನ 4.5 ಮಿ.ಮೀ. ಕಳೆದೆ. ಅಗ್ಗದ ಪೆಲೆಟ್ಟು ಡಬ್ಬಿಯಿಂದ ತೆಗೆದ ಹಾಗೇ ಹೊಡೆದಾಗ ಗುಂಪು ಸರಾಸರಿ 13 ಮಿ.ಮೀ. ಬಂತು.

ಮೊದಲು ತೂಗಿದೆ. ಎರಡು ಸಂಜೆ ಹೋಯಿತು, ಪತ್ತಾರರ ಎರಡು ಚಹಾನೂ ಹೋಯಿತು. 0.52ರಿಂದ 0.53 ಗ್ರಾಂ ಒಳಗಿನವನ್ನು ಮಾತ್ರ ಆರಿಸಿ ಹೊಡೆದರೆ ಗುಂಪು 11. ಇಷ್ಟಕ್ಕಾಗಿ ಕಣ್ಣು ನೋಯಿಸಿಕೊಂಡೆನೇ ಅನ್ನಿಸಿತು.

ಆಮೇಲೆ ಹಿಂಡುವುದು. ನಿಖರ ಅಳತೆಯ ತೂತಿನೊಳಗೆ ಪೆಲೆಟ್ ತೂರಿಸಿದರೆ ಎಲ್ಲವೂ ಒಂದೇ ಗಾತ್ರಕ್ಕೆ ಬರುತ್ತವೆ. ಇದಕ್ಕೆ ಸೈಜರ್ ಅನ್ನುತ್ತಾರೆ. ಗೋಕುಲ ರಸ್ತೆಯ ಲೇತ್ ಅಂಗಡಿಯೊಂದರಲ್ಲಿ ಹಿತ್ತಾಳೆ ಸಳಿಯ ತುಂಡಿಗೆ 4.50 ಮಿ.ಮೀ. ತೂತು ಹಾಕಿಸಿದೆ. ಮೊದಲನೆಯದು ಸಣ್ಣದಾಗಿಬಿಟ್ಟಿತು. ಅಲ್ಲಿನ ಹುಡುಗ "ಅಣ್ಣಾ, ಕೂದಲೆಳಿ ಫರಕ್ಕಿಗೆ ಏನಾಗ್ತೈತ್ರಿ?" ಅಂದ. ಆಗಿದ್ದು ಇಷ್ಟು: ಗುಂಪು ಹರಡಿ 16 ಮಿ.ಮೀ.ಗೆ ಹೋಯಿತು. ತಕ್ಕಡಿಗೆ ಹಾಕದ ಪೆಲೆಟ್ಟಿಗಿಂತಲೂ ಕೆಟ್ಟದು!

ಕಾರಣ ಪೆಲೆಟ್‌ನ ಪರಕಾರದಲ್ಲಿ, ಅಂದರೆ ಲಂಗದಲ್ಲಿ, ಇದೆ. ಅದರ ಹಿಂಭಾಗ ಟೊಳ್ಳು, ಅಗಲ, ತೆಳು, ಹುಡುಗಿಯರ ಪರಕಾರದ ಹಾಗೆ. ಗಾಳಿಯ ಒತ್ತಡಕ್ಕೆ ಅದು ಉಬ್ಬಿ ನಳಿಗೆಯ ಗೋಡೆಗೆ ಅಂಟಿಕೊಳ್ಳಬೇಕು. ಆಗ ಗಾಳಿ ಪಕ್ಕದಿಂದ ಸೋರುವುದಿಲ್ಲ, ನಳಿಗೆಯೊಳಗಿನ ಗೀರುಗಳೂ ಪೆಲೆಟ್ಟನ್ನು ಸರಿಯಾಗಿ ತಿರುಗಿಸುತ್ತವೆ. ಪರಕಾರವನ್ನೇ ಜಾಸ್ತಿ ಹಿಂಡಿದರೆ ಗಾಳಿ ಸೋರುತ್ತದೆ, ವೇಗ ಒಂದೊಂದು ಗುಂಡಿಗೆ ಒಂದೊಂದು ಥರ ಆಗುತ್ತದೆ. ಎರಡನೇ ಸೈಜರ್ ಸರಿಯಾಗಿ ಬಂತು. ತೂತಿಗೆ ಒಂದು ಹನಿ ಎಣ್ಣೆ ಸವರಿ, ತಲೆ ಮುಂದೆ ಮಾಡಿ ನಿಧಾನಕ್ಕೆ ತಳ್ಳಿದೆ. ಗುಂಪು 8 ಮಿ.ಮೀ. ಅದೇ ಅಗ್ಗದ ಪೆಲೆಟ್ಟು! ನನಗೇ ನಂಬಿಕೆ ಬರಲಿಲ್ಲ, ಮರುದಿನ ಮತ್ತೆ ಹೊಡೆದು ನೋಡಿದೆ. ಅದೇ ಲೆಕ್ಕ. (ಸೀಸ ಮುಟ್ಟಿದ ಕೈ ಸಾಬೂನು ಹಚ್ಚಿ ತೊಳೆಯದೆ ಮಂಡಕ್ಕಿಗೆ ಕೈ ಹಾಕಬೇಡಿ.)

ಕೊನೆಗೆ ಕೊಂಡಿದ್ದು: ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್. ಬೆಲೆ ಮೂರು ಪಟ್ಟು ಜಾಸ್ತಿ. ಡಬ್ಬಿಯ ಮೇಲೆ ತಲೆಯ ಅಳತೆ ಬರೆದಿರುತ್ತದೆ. 4.49ರ ಡಬ್ಬಿಯಲ್ಲಿ ಗುಂಪು 6, 4.50ರಲ್ಲಿ 4. ಹಿಂಡುವ, ತೂಗುವ ರಗಳೆ ಇಲ್ಲ. ಸ್ಪರ್ಧೆಗೆ ಹೋಗುವವರು ಇದನ್ನೇ ಕೊಳ್ಳಿ. ನಾನಂತೂ ವಾರದ ಅಭ್ಯಾಸಕ್ಕೆ ಹಿಂಡಿದ್ದನ್ನೇ ಬಳಸುತ್ತೇನೆ. ತಕ್ಕಡಿ ಕಡೆಗೆ ಮತ್ತೆ ಹೋಗಿಲ್ಲ.

ಆದರೆ 4.50 ನನ್ನ ನಳಿಗೆಯ ರುಚಿ ಅಷ್ಟೇ. ಅದೇ ಡಬ್ಬಿ ಹಿಡಿದು ಚಿಗರಿ ಬಸ್ಸು ಹತ್ತಿ ಧಾರವಾಡದ ಗೆಳೆಯನ ಹತ್ತಿರ ಹೋದೆ. ಅವನದೂ ನನ್ನ ಮಾಡೆಲ್ಲೇ. ಅವನ ರೈಫಲ್‌ನಲ್ಲಿ 4.50 ಹರಡಿಕೊಂಡು ಬಿತ್ತು, 4.49 ಒಂದೇ ತೂತಿನ ಸುತ್ತ ಕೂತಿತು. ನನ್ನ ಬಳಿ ಉಳಿದಿದ್ದ 4.49ರ ಡಬ್ಬಿಯನ್ನು ಅವನೇ ಇಟ್ಟುಕೊಂಡ. ದುಡ್ಡು ಇನ್ನೂ ಕೊಟ್ಟಿಲ್ಲ.